ಮೆಣಸಿನಕಾಯಿಯ ಖಾರವನ್ನು ಕೈಯಿಂದ ತೆಗೆಯುವ ಕ್ರಮ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮಪ್ರಮುಖರ ಮತ್ತು ಜಮೀನುದಾರರ ತಿಳಿವಳಿಕೆಗಾಗಿ)

ಮೆಣಸಿನಕಾಯಿಯ ಕೊಯ್ಲಿನ ಕಾಲದಲ್ಲಿ ನಮ್ಮ ಹಳ್ಳಿಯ ಮನೆಗಳಲ್ಲಿ ಆಗಾಗ್ಗೆ ನಡೆಯುವ ಸಂಗತಿಯೊಂದುಂಟು. ಹಗಲೆಲ್ಲ ಕಣದಲ್ಲಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸಿದ ತಾಯಿಯು ಸಂಜೆ ಮನೆಗೆ ಬಂದು, ಕೈಗಳನ್ನು ನೀರಿನಲ್ಲಿ ತೊಳೆದುಕೊಂಡು, ಹಸಿದಿರುವ ಕೂಸನ್ನು ಎತ್ತಿಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿಗೆಲ್ಲ ಕೂಸು ಕಣ್ಣುಜ್ಜಿಕೊಂಡು ಚೀರಲಾರಂಭಿಸುತ್ತದೆ. ಹಾಲು ಕುಡಿಯದು, ತೊಟ್ಟಿಲಲ್ಲಿ ಮಲಗದು. ಮನೆಯ ಹಿರಿಯರು ದೃಷ್ಟಿ ತಗುಲಿತೆಂದು ಭಾವಿಸಿ, ಉಪ್ಪನ್ನೂ ಮೆಣಸಿನಕಾಯಿಯನ್ನೂ ನಿವಾಳಿಸಿ ಒಲೆಗೆ ಹಾಕುತ್ತಾರೆ. ಆ ಘಾಟು ಮನೆಯನ್ನೆಲ್ಲ ತುಂಬಿ ಕೂಸಿನ ಅಳು ಇಮ್ಮಡಿಯಾಗುತ್ತದೆ. ಇಂಥಲ್ಲಿ ತಗುಲಿದ್ದು ಯಾರ ದೃಷ್ಟಿಯೂ ಅಲ್ಲ. ತಾಯಿಯ ಕೈಯಲ್ಲಿ ಉಳಿದಿದ್ದ ಖಾರ. ಆಕೆಯು ಕೈ ತೊಳೆಯದೆ ಇದ್ದವಳಲ್ಲ. ತೊಳೆದದ್ದು ನೀರಿನಿಂದ ಮಾತ್ರ. ತಪ್ಪಿರುವುದು ಇಲ್ಲಿಯೇ.

ಕೈಗೆ ಹತ್ತಿದ ಖಾರವು ಅಲ್ಪವಿಷಯವೆಂದೂ, ಹೆಂಗಸರ ಅಡಿಗೆಮನೆಗೆ ಸೇರಿದ್ದೆಂದೂ, ಜಮೀನುದಾರರು ಅದನ್ನು ಕುರಿತು ಯೋಚಿಸತಕ್ಕ ಕಾರಣವಿಲ್ಲವೆಂದೂ ಕೆಲವರು ಎಣಿಸಬಹುದು. ಆದರೆ ಮೆಣಸಿನಕಾಯಿಯು ಗಿಡದಿಂದ ಬಿಡಿಸಿದಂದಿನಿಂದ ಸಾರಿನ ಪಾತ್ರೆಗೆ ಬೀಳುವವರೆಗೆ ಎಷ್ಟು ಕೈಗಳನ್ನು ಹಾಯ್ದು ಬರುತ್ತದೆಂಬುದನ್ನು ನೋಡಿದರೆ ಈ ಎಣಿಕೆಯು ಸರಿಯಲ್ಲವೆಂದು ತಿಳಿಯುವುದು. ಹಣ್ಣು ಬಿಡಿಸುವುದು, ಕಣದಲ್ಲಿ ಹರಡಿ ತಿರುವಿಹಾಕುವುದು, ಕೊಳೆತುದನ್ನು ಆರಿಸುವುದು, ತೊಟ್ಟು ಮುರಿಯುವುದು, ಕುಟ್ಟುವುದು, ಜರಡಿ ಹಿಡಿಯುವುದು, ಇಷ್ಟೂ ಬರಿಗೈಯಿಂದಲೇ ನಡೆಯತಕ್ಕ ಕೆಲಸಗಳು. ಬಹುಮಟ್ಟಿಗೆ ಇವೆಲ್ಲವೂ ಹೆಣ್ಣಾಳುಗಳ ಪಾಲಿಗೆ ಬಂದಿರುವುವು. ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯ ಪೇಟೆಯು ಇಲ್ಲಿಂದ ದಾವಣಗೆರೆ, ರಾಣೆಬೆನ್ನೂರುಗಳ ದಾರಿಯಲ್ಲಿ ಹೋದರೆ ಬಹಳ ದೂರವಲ್ಲ. ಅಲ್ಲಿ ಚೀಲ ತೂಗುವಾಗ ಬಣ್ಣವನ್ನೂ ಒಣಗಿರುವ ಹದವನ್ನೂ ನೋಡಿ ಬೆಲೆ ಕಟ್ಟುವರೇ ಹೊರತು, ಆ ಚೀಲವನ್ನು ಹಸನುಮಾಡಿದ ಕೈಗಳು ರಾತ್ರಿಯೆಲ್ಲ ಉರಿದ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ. ಆ ಲೆಕ್ಕವನ್ನು ಹಿಡಿಯತಕ್ಕವರು ಹೊಲದ ಯಜಮಾನರೇ ಆಗಿದ್ದಾರೆ.

ಅಡಿಗೆಯಲ್ಲಿಯೂ ಹೀಗೆಯೇ. ನಾಲ್ಕು ಜನರ ಮನೆಯ ಅಡಿಗೆಗೆ ನಾಲ್ಕಾರು ಕಾಯಿ ಹೆಚ್ಚಿದರೆ ಕೈಗೆ ಅಷ್ಟಾಗಿ ತಿಳಿಯದು. ಮದುವೆ, ಗೃಹಪ್ರವೇಶ, ಅನ್ನಸಂತರ್ಪಣೆಗಳು ಬಂದಾಗಲೂ, ಹಿರಿಯೂರಿನ ತೇರುಮಲ್ಲೇಶ್ವರಸ್ವಾಮಿಯ ತೇರಿನಂಥ ಜಾತ್ರೆಗಳ ಕಾಲದಲ್ಲಿ ಮನೆತುಂಬ ನೆಂಟರು ನೆರೆದಾಗಲೂ, ಹಸಿಮೆಣಸಿನಕಾಯಿಯನ್ನು ಮಂಕರಿಗಟ್ಟಲೆ ಹೆಚ್ಚಬೇಕಾಗುತ್ತದೆ. ಮಂಡಕ್ಕಿಯೊಡನೆ ತಿನ್ನುವ ಮೆಣಸಿನಕಾಯಿ ಬಜ್ಜಿಗೆ ಒಂದೊಂದು ಕಾಯನ್ನೂ ಸೀಳಿ ಒಳಗಿನ ತಿರುಳನ್ನು ಬೆರಳಿನಿಂದ ತೆಗೆಯುವವರ ಪಾಡು ಇನ್ನೂ ಕಷ್ಟ.

ಖಾರದ ಸ್ವರೂಪ

ಮೆಣಸಿನಕಾಯಿಯು ಅಮೆರಿಕಾ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಮೂಲಕ ನಮ್ಮ ದೇಶಕ್ಕೆ ಬಂದ ಬೆಳೆ. ಅದರ ಖಾರಕ್ಕೆ ಕಾರಣವಾದ ಸತ್ತ್ವವನ್ನು ಬುಖೋಲ್ಸ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು 1816ರಲ್ಲಿ ಮೊದಲು ಬೇರ್ಪಡಿಸಿದರು. 1876ರಲ್ಲಿ ಥ್ರೆಷ್ ಎಂಬ ಆಂಗ್ಲರು ಅದಕ್ಕೆ ಕ್ಯಾಪ್ಸೈಸಿನ್ ಎಂದು ಹೆಸರಿಟ್ಟರು. 1919ರಲ್ಲಿ ನೆಲ್ಸನ್ ಎಂಬವರು ಅದರ ರಾಸಾಯನಿಕ ರಚನೆಯನ್ನು ತಿಳಿಸಿದರು.

ಖಾರವೆಲ್ಲ ಬೀಜದಲ್ಲಿದೆಯೆಂಬುದು ಸಾಮಾನ್ಯ ಜನರ ನಂಬಿಕೆ. ಇದು ಸರಿಯಲ್ಲ. ಕಾಯನ್ನು ಉದ್ದಕ್ಕೆ ಸೀಳಿದರೆ ತೊಟ್ಟಿನಿಂದ ಕೆಳಕ್ಕೆ ಇಳಿದಿರುವ ಬಿಳಿಯ ತಿರುಳೊಂದು ಕಾಣುವುದು. ಬೀಜಗಳು ಅಂಟಿಕೊಂಡಿರುವುದು ಇದಕ್ಕೇ. ಕ್ಯಾಪ್ಸೈಸಿನ್ ಹುಟ್ಟುವುದು ಮುಖ್ಯವಾಗಿ ಈ ತಿರುಳಿನಲ್ಲಿ. ಬೀಜಕ್ಕೆ ಬರುವ ಖಾರವು ತಿರುಳಿನ ಸಹವಾಸದಿಂದ ಹತ್ತಿದ್ದು. ಆದುದರಿಂದ ತೊಟ್ಟಿನ ಕಡೆಯನ್ನು ಮುರಿಯುವ ಬೆರಳುಗಳಿಗೂ, ತಿರುಳನ್ನು ಕೆರೆಯುವ ಉಗುರುಗಳಿಗೂ ಎಲ್ಲಕ್ಕಿಂತ ಹೆಚ್ಚು ಖಾರ ಹತ್ತುತ್ತದೆ. ತಳಿಯಿಂದ ತಳಿಗೂ ಭೇದವುಂಟು: 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಮೆ, ಗುಂಟೂರಿನ ಕಡೆಯದರಲ್ಲಿ ಖಾರ ಹೆಚ್ಚು. ಬ್ಯಾಡಗಿಯ ಕಾಯಿ ಬಿಡಿಸಿ ಅಭ್ಯಾಸವಿರುವ ಆಳುಗಳು ಬೇರೆ ತಳಿಗೆ ಕೈಹಾಕುವ ಮುಂಚೆ ಇದನ್ನು ತಿಳಿದಿರುವುದೊಳ್ಳೆಯದು.

ಈಗ ಮುಖ್ಯವಾದ ಅಂಶಕ್ಕೆ ಬರೋಣ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಎಣ್ಣೆ, ತುಪ್ಪ, ಮದ್ಯಸಾರಗಳಲ್ಲಿ ಚೆನ್ನಾಗಿ ಕರಗುವುದು. 1912ರಲ್ಲಿ ಸ್ಕೋವಿಲ್ ಎಂಬ ಅಮೆರಿಕದ ಔಷಧಶಾಸ್ತ್ರಜ್ಞರು ಮೆಣಸಿನಕಾಯಿಯ ಖಾರವನ್ನು ಅಳೆಯುವುದಕ್ಕೆ ಒಂದು ಕ್ರಮವನ್ನು ಏರ್ಪಡಿಸಿದಾಗ, ಕಾಯನ್ನು ಮೊದಲು ಮದ್ಯಸಾರದಲ್ಲಿ ನೆನೆಸಿ ಖಾರವನ್ನು ಇಳಿಸಿಕೊಂಡು, ಆಮೇಲೆ ಸಕ್ಕರೆನೀರು ಬೆರೆಸಬೇಕಾಯಿತು. ಬರಿಯ ನೀರಿಗೆ ಖಾರವು ಇಳಿಯದಿದ್ದುದೇ ಇದಕ್ಕೆ ಕಾರಣ. ಗಾಡಿಯ ಕೀಲೆಣ್ಣೆ ಹತ್ತಿದ ಕೈಯನ್ನು ಕೆರೆಯಲ್ಲಿ ಅದ್ದಿದರೆ ಹೋಗುವುದೆಂದು ಯಾವ ರೈತನೂ ನಂಬನು. ಹಲಸಿನಹಣ್ಣು ಕೊಯ್ಯುವಾಗ ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುವ ಜಾಣತನವು ನಮ್ಮ ಹೆಂಗಸರಿಗೆಲ್ಲ ಉಂಟು. ಹಲಸಿನ ಅಂಟು ಕಣ್ಣಿಗೆ ಕಾಣುವುದರಿಂದ ಅದಕ್ಕೆ ಎಣ್ಣೆ ಬೇಕೆಂದು ತಿಳಿದರು. ಮೆಣಸಿನಕಾಯಿಯ ಅಂಟು ಕಣ್ಣಿಗೆ ಕಾಣದು, ಆದ್ದರಿಂದ ಅದಕ್ಕೆ ನೀರು ಸಾಕೆಂದು ಬಗೆದರು. ಭೇದವು ಇಷ್ಟೇ.

ಉರಿಯು ಏಕೆ ಉಂಟಾಗುವುದು

ನಮ್ಮ ಚರ್ಮದಲ್ಲಿಯೂ ಬಾಯಿ ಕಣ್ಣುಗಳಲ್ಲಿಯೂ ಇರುವ ನರಗಳ ತುದಿಯಲ್ಲಿ ಶಾಖವನ್ನು ಅರಿಯುವುದಕ್ಕಾಗಿ ಅತಿ ಸೂಕ್ಷ್ಮವಾದ ಬಾಗಿಲುಗಳಂಥ ಏರ್ಪಾಡು ಇದೆ. ಸುಮಾರು 43 ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಬಿಸಿ ತಾಗಿದರೆ ಈ ಬಾಗಿಲು ತೆರೆದು, ಸುಡುತ್ತಿದೆಯೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು. ಕ್ಯಾಪ್ಸೈಸಿನ್ ಇದೇ ಬಾಗಿಲಿಗೆ ಕಳ್ಳಬೀಗದಕೈಯಂತೆ ಹೊಂದಿಕೊಂಡು, ಬೆಂಕಿಯಿಲ್ಲದೆಯೇ ಅದನ್ನು ತೆರೆಯುತ್ತದೆ. ಡೇವಿಡ್ ಜೂಲಿಯಸ್ ಎಂಬ ಅಮೆರಿಕದ ವಿಜ್ಞಾನಿಯೂ ಅವರ ಸಂಗಡಿಗರೂ 1997ರಲ್ಲಿ ಇದನ್ನು ಕಂಡುಹಿಡಿದರು. 2021ರ ನೊಬೆಲ್ ಬಹುಮಾನದಲ್ಲಿ ಜೂಲಿಯಸ್ಸರು ಪಾಲುಗೊಂಡದ್ದು ಈ ಬಗೆಯ ಸಂಶೋಧನೆಗಾಗಿಯೇ. ಗಿಳಿಯು ಹಣ್ಣುಮೆಣಸಿನಕಾಯಿಯನ್ನು ಸುಖವಾಗಿ ತಿನ್ನುವುದನ್ನು ನಾವೆಲ್ಲರೂ ನೋಡಿದ್ದೇವೆ. ಪಕ್ಷಿಗಳ ನರದ ಬಾಗಿಲಿಗೆ ಈ ಕಳ್ಳಬೀಗದಕೈ ಹೊಂದುವುದಿಲ್ಲ.

ಇದರಿಂದ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಒಂದನೆಯದು: ಕೈಯಲ್ಲಿ ಬೊಬ್ಬೆಯಾಗಲಿ ಗಾಯವಾಗಲಿ ಕಾಣದಿದ್ದರೂ ನೋವು ನಿಜವಾದದ್ದು, ಆಳುಗಳು ಸುಮ್ಮನೆ ನೆವ ಹೇಳುತ್ತಾರೆಂದು ತಿಳಿಯತಕ್ಕದ್ದಲ್ಲ. ಎರಡನೆಯದು: ಖಾರವು ಚರ್ಮದ ಹೊರಪದರವನ್ನು ದಾಟಿ ನರಗಳಿಗೆ ಮುಟ್ಟಲು ಸ್ವಲ್ಪ ಹೊತ್ತು ಬೇಕಾಗುವುದರಿಂದ, ಅನೇಕರಿಗೆ ಕೆಲಸ ಮಾಡುವಾಗ ಏನೂ ತೋರದೆ, ಗಂಟೆಗಳು ಕಳೆದ ಮೇಲೆ ಉರಿಯು ಏಳುತ್ತದೆ, ಒಮ್ಮೆ ಎದ್ದರೆ ಕೆಲವು ಗಂಟೆಗಳಿಂದ ಒಂದೆರಡು ದಿನದವರೆಗೂ ಇರಬಹುದು. ಆದುದರಿಂದ ಉರಿ ಬಂದ ಮೇಲೆ ತೊಳೆಯೋಣವೆಂದು ಕಾದಿರಬಾರದು. ಮೂರನೆಯದು: ಬಾಗಿಲು ಶಾಖದ್ದೇ ಆಗಿರುವುದರಿಂದ, ಖಾರ ಹತ್ತಿದ ಕೈಗೆ ಸಾಧಾರಣ ಬಿಸಿಯೂ ಬೆಂಕಿಯಂತೆ ತೋರುತ್ತದೆ. ಬಿಸಿನೀರಿನ ಸ್ನಾನ, ಒಲೆಯ ಕಾವು, ರಾತ್ರಿ ಹೊದೆದ ಕಂಬಳಿಯ ಬೆಚ್ಚಗೆ, ಇವುಗಳಿಂದ ಉರಿ ಕೆರಳುವುದು ಇದರಿಂದಲೇ.

ಈ ಬಾಧೆಯು ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಚೀನಾದೇಶದ ಹುನಾನ್ ಪ್ರಾಂತ್ಯದ ಅಡಿಗೆಯು ಖಾರಕ್ಕೆ ಹೆಸರಾದುದು. ಮೆಣಸಿನಕಾಯಿ ಹೆಚ್ಚಿ ಬಂದ ಕೈಯುರಿಗೆ 1981ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದು ‘ಹುನಾನ್ ಕೈ’ ಎಂದೇ ಹೆಸರಿಟ್ಟಿತು. 1987ರಲ್ಲಿ ಅಲ್ಲಿಯ ವೈದ್ಯರು ಇಂಥ ರೋಗಿಗಳಲ್ಲಿ ಕೆಲವರ ಕೈಯನ್ನು ತಣ್ಣೀರಿನಲ್ಲಿಯೂ, ಕೆಲವರ ಕೈಯನ್ನು ಅಡಿಗೆಯ ಎಣ್ಣೆಯಲ್ಲಿಯೂ ಅದ್ದಿಸಿ ನೋಡಿದರು. ತಣ್ಣೀರಿನವರಿಗೆ ಮೊದಮೊದಲು ಬೇಗನೆ ತಂಪೆನಿಸಿದರೂ, ಹೊತ್ತು ಕಳೆದಂತೆ ಎಣ್ಣೆಯವರಿಗೇ ಹೆಚ್ಚಿನ ಉಪಶಮನವು ನಿಂತಿತು. ನೀರು ಉರಿಯನ್ನು ಮರೆಸುತ್ತದೆ. ಎಣ್ಣೆಯು ಖಾರವನ್ನು ಕರಗಿಸುತ್ತದೆ.

ಕೆಲಸಕ್ಕೆ ಮುಂಚೆ

ಬಂದ ಉರಿಯನ್ನು ಆರಿಸುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಸುಲಭ. ಕೆಳಗೆ ಕಂಡ ಎಚ್ಚರಿಕೆಗಳನ್ನು ವಹಿಸತಕ್ಕದ್ದು:

1. ಉಗುರುಗಳನ್ನು ಹಿಂದಿನ ದಿನವೇ ಕತ್ತರಿಸಿಕೊಂಡು, ಕೆಲಸಕ್ಕೆ ಕೂಡುವಾಗ ಉಂಗುರಗಳನ್ನು ತೆಗೆದಿಡುವುದು.

2. ಕಡಲೆಕಾಯಿ, ಕೊಬ್ಬರಿ, ಕುಸುಬೆ, ಹರಳು, ಇವುಗಳಲ್ಲಿ ಮನೆಯಲ್ಲಿರುವ ಯಾವುದಾದರೊಂದು ಎಣ್ಣೆಯನ್ನು ಬೆರಳಸಂದಿಗೂ ಉಗುರಿನ ಸುತ್ತಲಿಗೂ ತೆಳ್ಳಗೆ ಸವರಿಕೊಳ್ಳುವುದು. ಇದು ಖಾರವನ್ನು ಪೂರ್ತಿಯಾಗಿ ತಡೆಯದು. ಆದರೆ ಖಾರವು ಎಣ್ಣೆಯಲ್ಲಿ ನಿಂತು, ತೊಳೆಯುವಾಗ ಎಣ್ಣೆಯೊಡನೆ ಹೊರಟುಹೋಗುವುದು. ಮಧ್ಯಾಹ್ನ ಒಮ್ಮೆ ತೊಳೆದು ಮತ್ತೆ ಸವರಿಕೊಳ್ಳಬೇಕು.

3. ದಿನವೆಲ್ಲ ಕೂಡುವವರಿಗೆ ಕೈಗವಸು ಎಲ್ಲಕ್ಕಿಂತ ಮೇಲು. ಬಟ್ಟೆಯ ಕೈಗವಸೊಂದೇ ಸಾಲದು. ಅದು ಖಾರವನ್ನು ಹೀರಿಕೊಂಡು ಚರ್ಮಕ್ಕೆ ಒತ್ತಿ ಹಿಡಿಯುವುದು. ಈಗ ಔಷಧದ ಅಂಗಡಿಗಳಲ್ಲಿ ದೊರೆಯುವ ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಯುಕ್ತವಾದುದು. ಹರಿದುದನ್ನು ಹಾಕಿಕೊಳ್ಳಬಾರದು. ಕೈಗವಸು ಹಾಕಿದ್ದರೆ ಒಳಗೆ ಎಣ್ಣೆ ಬೇಡ.

4. ಕುಟ್ಟುವಾಗಲೂ ಜರಡಿ ಹಿಡಿಯುವಾಗಲೂ ಗಾಳಿಗೆ ಬೆನ್ನುಮಾಡಿ ಕುಳಿತು, ಮೂಗುಬಾಯಿಗಳಿಗೆ ಒದ್ದೆಬಟ್ಟೆಯನ್ನು ಕಟ್ಟಿಕೊಳ್ಳುವುದು. ಉಬ್ಬಸವುಳ್ಳವರನ್ನು ಈ ಕೆಲಸಕ್ಕೆ ಹಚ್ಚಬಾರದು.

5. ಕೈಯಲ್ಲಿ ಗಾಯ, ಬಿರುಕು, ಕಜ್ಜಿ ಇರುವವರಿಗೆ ಆ ದಿವಸ ಬೇರೆ ಕೆಲಸವನ್ನು ಕೊಡುವುದು ನ್ಯಾಯ. ಚಳಿಗಾಲದಲ್ಲಿ ಒಡೆದ ಕೈಗಳಿಗೆ ಖಾರವು ಬೇಗ ಇಳಿಯುತ್ತದೆ.

ಕೈ ತೊಳೆಯುವ ಕ್ರಮ

ಮೊದಲು ಕೈಯ ಧೂಳನ್ನು ಒಣಬಟ್ಟೆಯಿಂದಲೋ ಕಾಗದದಿಂದಲೋ ಒರಸಿಬಿಡಬೇಕು. ಆಮೇಲೆ ಒಂದೆರಡು ಚಮಚ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು, ಬೆರಳಸಂದಿ, ಉಗುರಿನ ಬುಡ, ಮಣಿಕಟ್ಟು, ಬಳೆಗಳ ಅಡಿ, ಎಲ್ಲ ಕಡೆಗೂ ಎರಡು ಮೂರು ನಿಮಿಷ ಮೆಲ್ಲಗೆ ತಿಕ್ಕಬೇಕು. ಈ ಹೊತ್ತಿನಲ್ಲಿ ಖಾರವು ಎಣ್ಣೆಗೆ ಬಿಡುವುದು. ಹಾಗೆಂದು ಅಲ್ಲಿಗೇ ನಿಲ್ಲಿಸಿದರೆ ಫಲವಿಲ್ಲ. ಖಾರ ತುಂಬಿದ ಎಣ್ಣೆಯು ಕೈಯಲ್ಲಿಯೇ ಇದ್ದು, ಮುಟ್ಟಿದ ಕಡೆಗೆಲ್ಲ ಹರಡುವುದು. ಅದನ್ನು ಬೇಡದ ಬಟ್ಟೆಯಿಂದ ಒರಸಿ, ಸಾಬೂನು ಹಚ್ಚಿ ನೊರೆ ಬರುವಂತೆ ತಿಕ್ಕಿ ತಣ್ಣೀರಿನಲ್ಲಿ ತೊಳೆಯಬೇಕು. ಸಾಬೂನಿನ ಒಂದು ಕೊನೆಯು ಎಣ್ಣೆಯನ್ನೂ ಮತ್ತೊಂದು ಕೊನೆಯು ನೀರನ್ನೂ ಹಿಡಿಯತಕ್ಕದ್ದಾದುದರಿಂದ, ನೀರಿಗೆ ಬಾರದ ಎಣ್ಣೆಯನ್ನು ಅದು ನೀರಿನೊಡನೆ ಹೊರಡಿಸುತ್ತದೆ. ಪಾತ್ರೆ ತೊಳೆಯುವ ಸಾಬೂನಿಗೆ ಜಿಡ್ಡನ್ನು ತೆಗೆಯುವ ಶಕ್ತಿ ಹೆಚ್ಚು. ಸಾಬೂನು ಇಲ್ಲದಿದ್ದರೆ ನೆನೆಸಿದ ಅಂಟುವಾಳದ ಕಾಯಿಯ ನೊರೆಯೂ ಸೀಗೆಪುಡಿಯೂ ಇದೇ ಕೆಲಸವನ್ನು ಮಾಡುವುವು. ಕಡಲೆಹಿಟ್ಟಿನಿಂದ ಎಣ್ಣೆಯನ್ನು ಹೀರಿಸಿ ಉದುರಿಸಬಹುದು.

ಎಣ್ಣೆ, ಸಾಬೂನು, ತಣ್ಣೀರು: ಈ ಸರದಿಯನ್ನು ಎರಡು ಮೂರು ಸಲ ಆವರ್ತಿಸಿದರೆ ಬಹುಪಾಲು ಖಾರವು ಹೋಗುವುದು. ಆ ಬಳಿಕವೂ ಉರಿ ಉಳಿದರೆ, ತಂಪಾದ ಎಣ್ಣೆಯಲ್ಲಾಗಲಿ, ಕೆನೆಯಿರುವ ಮೊಸರಿನಲ್ಲಾಗಲಿ ಕೈಯನ್ನು ಸ್ವಲ್ಪ ಹೊತ್ತು ಇಟ್ಟು, ತಪ್ಪದೆ ಮತ್ತೆ ಸಾಬೂನಿನಿಂದ ತೊಳೆಯಬೇಕು. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಮದ್ಯಸಾರವಿರುವುದರಿಂದ ಅದರಿಂದಲೂ ಖಾರ ಕರಗುವುದು. ಆದರೆ ಗಾಯವಿದ್ದರೆ ಅದು ಉರಿಯುವುದು, ಒಲೆಯ ಹತ್ತಿರ ಉಪಯೋಗಿಸುವುದು ಅಪಾಯ.

ಮಾಡಬಾರದ ಕೆಲಸಗಳೂ ಕೆಲವುಂಟು. ಸುಣ್ಣ, ಸೀಮೆಎಣ್ಣೆ, ಬ್ಲೀಚಿಂಗ್ ಪುಡಿ, ಇವನ್ನು ಕೈಗೆ ಹಚ್ಚುವವರಿದ್ದಾರೆ. ಇವು ಚರ್ಮವನ್ನೇ ಕೆಡಿಸಿ, ಇಲ್ಲದ ಗಾಯವನ್ನು ಉಂಟುಮಾಡುವುವು. ಬೂದಿಯಿಂದಲೂ ಮರಳಿನಿಂದಲೂ ಒರಟಾಗಿ ಉಜ್ಜಿದರೆ ಚರ್ಮ ತರಚಿ ಖಾರವು ಒಳಕ್ಕಿಳಿಯುವುದು. ಬಿಸಿನೀರನ್ನು ಕುರಿತು ಆಗಲೇ ಹೇಳಿದೆ.

ಕಣ್ಣಿನ ವಿಷಯ

ಕೈಗೆ ಹೇಳಿದ ಕ್ರಮವನ್ನು ಕಣ್ಣಿಗೆ ಎಂದಿಗೂ ಹೂಡಬಾರದು. ಖಾರದ ಕೈ ಕಣ್ಣಿಗೆ ತಗುಲಿದರೆ ಎಣ್ಣೆ, ಮೊಸರು, ಎದೆಹಾಲು, ನಿಂಬೆರಸ ಮೊದಲಾದ ಯಾವುದನ್ನೂ ಹಾಕದೆ, ಶುದ್ಧವಾದ ತಣ್ಣೀರನ್ನು 15 ನಿಮಿಷಕ್ಕೆ ಕಡಮೆಯಿಲ್ಲದಂತೆ ಮೆಲ್ಲಗೆ ಹರಿಯಬಿಡಬೇಕು. ನಡುನಡುವೆ ರೆಪ್ಪೆಗಳನ್ನು ಬಡಿಯುತ್ತಿರಬೇಕು. ಕಣ್ಣುಜ್ಜಬಾರದು. ನೀರು ಹಾಕುವವರ ಕೈಯಲ್ಲಿ ಖಾರವಿರಬಾರದೆಂಬುದನ್ನು ಗಡಿಬಿಡಿಯಲ್ಲಿ ಮರೆಯತಕ್ಕದ್ದಲ್ಲ. ಇಷ್ಟಾದ ಮೇಲೂ ನೋವು ಇಳಿಯದಿದ್ದರೆ, ದೃಷ್ಟಿ ಮಂಜಾದರೆ, ಅಥವಾ ಖಾರ ಬಿದ್ದದ್ದು ಕೂಸಿನ ಕಣ್ಣಿಗಾದರೆ, ಸಮೀಪದ ಆಸ್ಪತ್ರೆಗೆ ತಡವಿಲ್ಲದೆ ಕರೆದೊಯ್ಯಬೇಕು.

ಕೂಸುಗಳಿರುವ ತಾಯಂದಿರು ಕೈಯನ್ನು ಮಾತ್ರ ತೊಳೆದರೆ ಸಾಲದು. ಬೆವರು ಒರಸಿಕೊಂಡ ಸೆರಗಿನಲ್ಲಿಯೂ ಕುಪ್ಪಸದಲ್ಲಿಯೂ ಖಾರದ ಧೂಳು ಇರುವುದು. ಬಟ್ಟೆ ಬದಲಾಯಿಸಿ, ಮೈಯನ್ನು ಸಾಬೂನಿನಿಂದ ತೊಳೆದುಕೊಂಡು, ಆಮೇಲೆ ಕೂಸನ್ನು ಎತ್ತಿಕೊಳ್ಳಬೇಕು. ಕೈ ತೊಳೆಯಿತೋ ಇಲ್ಲವೋ ಎಂಬ ಸಂದೇಹವಿದ್ದರೆ ಬೆರಳಿನ ತುದಿಯನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಬಹುದು; ನಾಲಗೆಗೆ ಖಾರವೆನಿಸಿದರೆ ಕೂಸಿನ ಕಣ್ಣಿಗೆ ಅದು ಬೆಂಕಿ. ಕೆಲಸದ ನಡುವೆ ಮಲಮೂತ್ರವಿಸರ್ಜನೆಗೆ ಹೋಗುವವರು, ಗಂಡಸರಾಗಲಿ ಹೆಂಗಸರಾಗಲಿ, ಹೋಗಿ ಬಂದ ಮೇಲಷ್ಟೇ ಅಲ್ಲದೆ ಹೋಗುವ ಮುಂಚೆಯೂ ಈ ರೀತಿ ತೊಳೆದುಕೊಳ್ಳುವುದು ಕ್ಷೇಮ. ಒರಳು, ರುಬ್ಬುಗುಂಡು, ಈಳಿಗೆ, ಕೈಯೊರಸುವ ಬಟ್ಟೆ, ಇವನ್ನೂ ಸಾಬೂನಿನಿಂದ ತೊಳೆಯದಿದ್ದರೆ ಮರುದಿನ ಅವುಗಳಿಂದಲೇ ಮತ್ತೆ ಖಾರ ಹತ್ತುವುದು. ಕಿಸೆಯ ದೂರವಾಣಿಯನ್ನು ಖಾರದ ಕೈಯಿಂದ ಹಿಡಿದು ಕಿವಿಗೂ ಕೆನ್ನೆಗೂ ಒತ್ತಿಕೊಳ್ಳುವುದು ಈ ಕಾಲದ ಹೊಸ ಬಾಧೆ.

ಯಜಮಾನರು ಮಾಡತಕ್ಕುದು

ಈ ಲೇಖನವನ್ನು ಗ್ರಾಮಪ್ರಮುಖರನ್ನೂ ಜಮೀನುದಾರರನ್ನೂ ಉದ್ದೇಶಿಸಿ ಬರೆದಿರುವುದಕ್ಕೆ ಕಾರಣವಿದೆ. ಎಣ್ಣೆಯಿಂದ ಖಾರ ಹೋಗುವುದೆಂದು ಕೂಲಿಯ ಹೆಂಗಸಿಗೆ ತಿಳಿದಿದ್ದರೂ, ಕಣದಲ್ಲಿ ಎಣ್ಣೆಯಿಲ್ಲದಿದ್ದರೆ ಆ ತಿಳಿವಳಿಕೆಯಿಂದ ಪ್ರಯೋಜನವೇನು? ಹೊಸದುರ್ಗದ ಕಡೆಯ ಒಣಹೊಲಗಳಲ್ಲಿ ಕುಡಿಯುವ ನೀರನ್ನೇ ಮನೆಯಿಂದ ಹೊತ್ತು ತರಬೇಕಾದ ದಿವಸಗಳುಂಟು. ಎಣ್ಣೆ ಮೊದಲಾದರೆ ನೀರು ಕಡಮೆ ಸಾಕು. ಬರಿಯ ನೀರಿನಿಂದ ತೊಳೆಯಹೊರಟರೆ ಕೊಡ ಬರಿದಾದರೂ ಖಾರ ಹೋಗದು. ವಾಣೀವಿಲಾಸಸಾಗರದ ಕಾಲುವೆಯ ಆಶ್ರಯವಿರುವ ಹಿರಿಯೂರಿನ ಬಯಲಿಗೂ, ಕೊಳವೆಬಾವಿಯನ್ನು ನಂಬಿದ ಚಿತ್ರದುರ್ಗ, ಹೊಳಲ್ಕೆರೆಯ ತೋಟಗಳಿಗೂ ನೀರಿನ ಅನುಕೂಲದಲ್ಲಿ ಭೇದವಿರಬಹುದು. ಈ ಕ್ರಮದಲ್ಲಿ ಭೇದವಿಲ್ಲ.

ಆದುದರಿಂದ ಮೆಣಸಿನಕಾಯಿ ಬಿಡಿಸುವ ಪ್ರತಿಯೊಂದು ಕಣದಲ್ಲಿಯೂ ಒಂದು ಬಟ್ಟಲು ಎಣ್ಣೆ, ಒಂದು ಸಾಬೂನು, ಹಳೆಯ ಬಟ್ಟೆಯ ಚೂರುಗಳು, ಮುಚ್ಚಿದ ಕೊಡದಲ್ಲಿ ಕಣ್ಣಿಗಾಗಿಯೇ ಮೀಸಲಾದ ಶುದ್ಧಜಲ, ಇವಿಷ್ಟನ್ನು ಯಜಮಾನರೇ ಒದಗಿಸಬೇಕು. ಸಂಜೆ ಕೆಲಸ ಬಿಡುವುದಕ್ಕೆ ಕಾಲುಗಂಟೆ ಮುಂಚೆಯೇ ಆಳುಗಳನ್ನು ಎಬ್ಬಿಸಿ, ಕೈ ತೊಳೆಯುವ ಆ ಹೊತ್ತನ್ನು ಕೂಲಿಯ ಹೊತ್ತಿನಲ್ಲಿಯೇ ಎಣಿಸಬೇಕು. ಕೂಸುಳ್ಳ ತಾಯಂದಿರನ್ನು ಸಾಧ್ಯವಾದ ಮಟ್ಟಿಗೆ ತೊಟ್ಟು ಬಿಡಿಸುವ ಕೆಲಸದಿಂದ ತಪ್ಪಿಸಬೇಕು. ತೊಟ್ಟಿಲನ್ನು ಕಣದ ಗಾಳಿ ಬೀಸದ ಕಡೆಗೆ ಕಟ್ಟಿಸಬೇಕು. ಊರಿನ ಸಂತರ್ಪಣೆಗಳಲ್ಲಿ ಅಡಿಗೆಯ ಸಾಮಾನಿನ ಪಟ್ಟಿ ಬರೆಯುವ ಹಿರಿಯರು ಅದರ ಕೊನೆಯಲ್ಲಿ ಅಡಿಗೆಯವರ ಕೈಗಾಗಿ ಎಣ್ಣೆ, ಸಾಬೂನು ಎಂದು ಒಂದು ಸಾಲನ್ನು ಸೇರಿಸಿದರೆ ಸಾಕು. ಇದಕ್ಕೆ ತಗಲುವ ವೆಚ್ಚವನ್ನು ಒಂದು ಚೀಲ ಮೆಣಸಿನಕಾಯಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಅದು ಲೆಕ್ಕಕ್ಕೆ ಬಾರದು. ಕೈ ನೆಟ್ಟಗಿದ್ದ ಆಳು ಮರುದಿನವೂ ಕೆಲಸಕ್ಕೆ ಬರುವಳೆಂಬುದನ್ನು ಅನುಭವವುಳ್ಳ ರೈತರಿಗೆ ಹೇಳಬೇಕಾದ್ದಿಲ್ಲ.

ಕಣವೆದ್ದು ಎಲ್ಲರೂ ಮನೆಗೆ ಹೋದ ಮೇಲೆ ಯಾವ ಮನೆಯಲ್ಲಿಯಾದರೂ ಕೂಸು ಅತ್ತರೆ, ನಿವಾಳಿಸುವುದಕ್ಕೆ ಮೊದಲು ತಾಯಿಯ ಕೈಯನ್ನು ನೋಡಬೇಕೆಂದು ಮನೆಯ ಹಿರಿಯರಿಗೆ ತಿಳಿಯಹೇಳಿರಿ. ಎಣ್ಣೆಯಿಂದ ಬಿಡಿಸಿ, ಸಾಬೂನಿನಿಂದ ತೆಗೆದು, ತಣ್ಣೀರಿನಿಂದ ತೊಳೆಯಬೇಕೆಂಬ ಈ ಒಂದು ಮಾತು ಊರಿನಲ್ಲಿ ಎಲ್ಲರ ಬಾಯಿಗೂ ಬಂದರೆ ಈ ಲೇಖನದ ಉದ್ದೇಶವು ನೆರವೇರಿದಂತಾಗುವುದು.